ಸತ್ತವಳಿಗೆ ಬಾಯಿ ಕೊಟ್ಟವಳು

ಸುಳ್ಯ ಪೇಟೆಯಲ್ಲಿ ಮದುವೆ ಕಾಗದ ಮಾಡಿಸುವವರು ಹೆಚ್ಚಾಗಿ ಮುನವ್ವರನ ಪ್ರಿಂಟಿಂಗ್ ಅಂಗಡಿಗೇ ಬರುತ್ತಾರೆ. ಅಲ್ಲಿ ಒಳಗಿನ ಕಂಪ್ಯೂಟರಿನ ಮುಂದೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಊರಿನ ಗಂಡುಹೆಣ್ಣುಗಳನ್ನೆಲ್ಲ ಒಂದೊಂದು ಹಾಳೆಯಲ್ಲಿ ಜೋಡಿಸಿ ಕೊಡುವವಳು ದಮಯಂತಿ. ವಯಸ್ಸು ಐವತ್ತನಾಲ್ಕು, ಮದುವೆಯಾಗಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿದರೆ ಕೇಳಿದವರು ಮೊದಲು ‘ಅಯ್ಯೋ’ ಎನ್ನುತ್ತಾರೆ, ಆಮೇಲೆ ನಾಲಗೆ ಕಚ್ಚಿಕೊಳ್ಳುತ್ತಾರೆ. ಊರ ಬಾಯಿಗೆ ಮುಚ್ಚಳ ಹಾಕಲು ಯಾರಿಂದಾದೀತು? ದಮಯಂತಿ ಆ ಯೋಚನೆ ಬಿಟ್ಟು ಬಹಳ ಕಾಲವಾಯಿತು.

ಅವಳು ಕಾದಂಬರಿ ಬರೆಯುತ್ತಾಳೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ನಾಲ್ಕು ಬರೆದಿದ್ದಾಳೆ. ಎರಡು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ನಾಲ್ಕೂ ಪುಸ್ತಕವಾಗಿ, ಈಗ ಲೈಬ್ರರಿಗಳಲ್ಲಿ ತಣ್ಣಗೆ ಕೂತಿವೆ. ಕಥೆ ಎಲ್ಲಿಂದ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಅವಳು ನಕ್ಕು ಮಾತು ತಿರುಗಿಸುತ್ತಾಳೆ. ಸಿಗುವುದು ಈ ಮದುವೆ ಕಾಗದಗಳಿಂದಲೇ. ಮನೆಯವರು ಬಂದು ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂದು ಜಗಳಾಡಿ, ಕೊನೆಗೆ ಒಂದು ಹೆಸರನ್ನು ಪೆನ್ನಿನಿಂದ ಗೀಚಿ ಹೊಡೆಯುತ್ತಾರೆ ನೋಡಿ, ಆ ಹೊಡೆದುಹಾಕಿದ ಹೆಸರು ಅವಳ ಪಾಲಿಗೆ. ಒಬ್ಬ ಚಿಕ್ಕಮ್ಮನನ್ನು ಹಾಗೆ ಹೊಡೆದುಹಾಕಿದ್ದರಿಂದ ಮೊದಲ ಕಾದಂಬರಿ ಹುಟ್ಟಿತು. ಯಾಕೆ ಹೊಡೆದದ್ದು ಎಂದು ಅವಳು ಯಾವತ್ತೂ ಕೇಳುವುದಿಲ್ಲ. ಕೇಳಿದರೆ ನಿಜ ಸಿಗುತ್ತದೆ, ನಿಜ ಸಿಕ್ಕಿದ ಮೇಲೆ ಕಥೆಗೆ ಎಂತ ಕೆಲಸ?

ಹೆಸರು ಸಿಕ್ಕಿದ ಮೇಲೆ ಅವಳದ್ದೊಂದು ಕ್ರಮ. ಸಂಜೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಗಂಜಿಗೆ ಕೂತಾಗ ಮೊದಲ ಪ್ರಶ್ನೆ ಕೇಳಿಕೊಳ್ಳುತ್ತಾಳೆ: ಈ ಮನುಷ್ಯ ಗಂಜಿಗೆ ಎಂತ ನಂಜಿಕೊಳ್ಳುತ್ತಾನೆ? ಉಪ್ಪಿನಕಾಯಿಯೋ, ಹುರುಳಿ ಚಟ್ನಿಯೋ, ಬರೀ ಹಸಿಮೆಣಸೋ? ಇದಕ್ಕೆ ಉತ್ತರ ಬಾರದೆ ಒಂದು ಅಕ್ಷರ ಬರೆಯುವುದಿಲ್ಲ. ಉತ್ತರ ಬಂತೋ, ಆ ಮನುಷ್ಯ ಅವಳ ಕೋಣೆಗೆ ಬಂದ ಹಾಗೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಾನೆ, ಸಂತೆಯಲ್ಲಿ ಜೊತೆಗಿರುತ್ತಾನೆ, ಅವಳು ಒಳಗೊಳಗೇ ಅವನೊಡನೆ ಜಗಳವಾಡುತ್ತಾಳೆ. ಪುಸ್ತಕ ಮುಗಿದ ದಿನ ಅವನು ಹೇಳದೆ ಕೇಳದೆ ಹೊರಟುಹೋಗುತ್ತಾನೆ. ಆಮೇಲೆ ಆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಫ್ಯಾನು. ನಾಲ್ಕನೆಯದು ಮುಗಿದ ಮೇಲೆ ಐದು ವರ್ಷ ಯಾರೂ ಬಂದಿರಲಿಲ್ಲ. ಹೆಸರುಗಳನ್ನು ಹೊಡೆದುಹಾಕುತ್ತಲೇ ಇದ್ದರು, ಅವಳ ಗಂಜಿಯ ಪ್ರಶ್ನೆಗೆ ಮಾತ್ರ ಯಾವ ಹೆಸರೂ ಉತ್ತರ ಕೊಡಲಿಲ್ಲ. ಬರೆಯಲಾಗದ್ದು ಅವಳಿಗೆ ದೊಡ್ಡ ಸಂಕಟವಾಗಿರಲಿಲ್ಲ, ಮಾತಾಡಲು ಯಾರೂ ಇಲ್ಲದ್ದು ಸಂಕಟ.

ಹೀಗಿರುವಾಗ ಒಂದು ದಿನ ಮರ್ಕಂಜದ ಚನಿಯಪ್ಪ ಅಂಗಡಿಗೆ ಬಂದ. ಪೇಪರಿಗೆ ಜಾಹೀರಾತು ಕೊಡುವವರೂ ಮುನವ್ವರನಲ್ಲಿಗೇ ಬರುವುದು.

“ಒಂದು ಗಂಡು ಬೇಕಿತ್ತು ಮೇಡಂ, ಮಗಳಿಗೆ,” ಎಂದ ಅವನು, ಛತ್ರಿಯನ್ನು ಬಾಗಿಲ ಮೂಲೆಗೆ ಒರಗಿಸುತ್ತ.

“ವಯಸ್ಸು?”

“ಇದ್ದಿದ್ರೆ ಮೂವತ್ತಾಗ್ತಿತ್ತು.”

ದಮಯಂತಿಯ ಬೆರಳು ಕೀಲಿಮಣೆಯ ಮೇಲೆ ನಿಂತಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರು ಯಾರಾದರೂ ಓದುತ್ತಿದ್ದರೆ ತಿಳಿದಿರಲಿ. ಇಲ್ಲಿ ಸತ್ತವರೂ ಬೆಳೆಯುತ್ತಾರೆ. ತೊಟ್ಟಿಲಲ್ಲಿ ಹೋದ ಕೂಸು ಆ ಕಡೆ ವರ್ಷ ವರ್ಷ ದೊಡ್ಡದಾಗಿ, ಪ್ರಾಯಕ್ಕೆ ಬಂದು, ಮದುವೆ ಮಾಡಿ ಎಂದು ಕೇಳುತ್ತದೆ. ಕೇಳುವುದು ಹೇಗೆಂದರೆ ಮನೆಯಲ್ಲಿ ಬದುಕಿರುವವರ ಮದುವೆಗೆ ಅಡ್ಡ ನಿಂತು. ಆಗ ಅಂಥದೇ ಇನ್ನೊಂದು ಮನೆಯ ಸತ್ತ ಮಗುವನ್ನು ಹುಡುಕಿ, ಬರಿ ಎಂದರೆ ಕುಲದ ಕವಲು, ಅದು ಬೇರೆಯೋ ಎಂದು ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡಿಸುತ್ತಾರೆ. ನಿಶ್ಚಿತಾರ್ಥ, ಸೀರೆ, ಧಾರೆ, ಊಟ ಎಲ್ಲವೂ ಉಂಟು, ಗಂಡುಹೆಣ್ಣು ಮಾತ್ರ ಇಲ್ಲ. ಚನಿಯಪ್ಪನ ಬದುಕಿರುವ ಮಗಳು ಭವಿತಾಳಿಗೆ ಇಪ್ಪತ್ತೇಳು, ಸೊಸೈಟಿಯಲ್ಲಿ ಕೆಲಸ. ಬಂದ ಸಂಬಂಧಗಳೆಲ್ಲ ಅಂಗಳದಿಂದಲೇ ವಾಪಸು ಹೋಗುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ದೊಡ್ಡ ಮಗಳು ಕಂಡುಬಂದಳು.

ಜಾಹೀರಾತು ಪೇಪರಿನಲ್ಲಿ ಬಂದ ದಿನ ಮೊಬೈಲುಗಳಲ್ಲೆಲ್ಲ ಅದೇ. ನಗುವವರಿಗೇನು, ಹಲ್ಲಿದ್ದರೆ ಸಾಕು. ದಮಯಂತಿ ನಗಲಿಲ್ಲ. ಜನ್ಮದಲ್ಲಿ ಮೊದಲ ಸಲ ತನ್ನ ಕ್ರಮವನ್ನು ಮುರಿದು, ಕೇಳಿ ತಿಳಿಯೋಣವೆಂದು ಭಾನುವಾರ ಮರ್ಕಂಜದ ಬಸ್ಸು ಹತ್ತಿದಳು.

ಚನಿಯಪ್ಪನ ಹೆಂಡತಿ ಸೇವಂತಿ ಅಂಗಳದ ಹಗ್ಗದಿಂದ ರಬ್ಬರ್ ಶೀಟು ತೆಗೆಯುತ್ತಿದ್ದಳು. ದಮಯಂತಿಗಿಂತ ಎರಡು ವರ್ಷಕ್ಕೆ ಸಣ್ಣವಳು, ಕೂದಲು ಮಾತ್ರ ಪೂರ್ತಿ ಬಿಳಿ.

“ನೀವು ಪ್ರಿಂಟಿಂಗ್ ಅಂಗಡಿಯವರಲ್ವಾ? ಎಂತ ಬಂದದ್ದು ಅಕ್ಕ?”

“ನಿಮ್ಮ ಮಗಳ ವಿಷಯ ಮಾತಾಡ್ಲಿಕ್ಕೆ.”

“ಭವಿತನದ್ದಾ?”

“ಅಲ್ಲ, ದೊಡ್ಡವಳದ್ದು.”

ಸೇವಂತಿಯ ಕೈಯಲ್ಲಿದ್ದ ಶೀಟು ಕೈಯಲ್ಲೇ ಉಳಿಯಿತು. ಮೂವತ್ತು ವರ್ಷದಲ್ಲಿ ಆ ಮಗುವನ್ನು ಸತ್ತ ಕೂಸು ಎಂದರು, ಹೋದದ್ದು ಎಂದರು, ಈಚೆಗೆ ಪ್ರೇತ ಎಂದರು. ದೊಡ್ಡವಳು ಎಂದು ಯಾರೂ ಹೇಳಿರಲಿಲ್ಲ. “ಒಳಗೆ ಬನ್ನಿ,” ಎಂದಳು ಸೇವಂತಿ.

ಮಗುವಿಗೆ ಇಟ್ಟ ಹೆಸರು ಶೀಲಾವತಿ. ಅದು ಸೇವಂತಿಯ ಅತ್ತೆಯ ಹೆಸರು, ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ. ಹಾಗಾಗಿ ಸೇವಂತಿ ಆ ಹೆಸರು ಕರೆಯಲೇ ಇಲ್ಲ, ‘ಗೂಡೆ’ ಎಂದೇ ಕರೆದಳು. ಅವರ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತಾರೆ. ಗೂಡೆ ಮೂರು ತಿಂಗಳಿಗೆ ಜ್ವರ ಬಂದು ಹೋಯಿತು. ಒಂದು ಫೋಟೋ ಕೂಡ ಇಲ್ಲ.

ಚಹಾ ಕುಡಿಯುತ್ತ ದಮಯಂತಿ ಅಭ್ಯಾಸಬಲದಿಂದ ಕೇಳಿಯೇ ಬಿಟ್ಟಳು: “ಅವಳು ಗಂಜಿಗೆ ಎಂತ ನಂಜಿಕೊಳ್ತಾಳೆ?” ಕೇಳಿದ ಮೇಲೆ ನಾಲಗೆ ಕಿತ್ತುಕೊಳ್ಳಬೇಕೆನಿಸಿತು.

“ಹಾಲು ಬಿಟ್ಟು ಬೇರೆ ಎಂತದೂ ಕುಡೀಲಿಲ್ಲ ಅಕ್ಕ ಅದು,” ಎಂದಳು ಸೇವಂತಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಾನಾಗಿಯೇ ಹೇಳಿದಳು, “ಆದ್ರೆ ಅದು ಹೊಟ್ಟೇಲಿರುವಾಗ ನನಗೆ ಒಣಮೀನು ಚಟ್ನಿ ಬಿಟ್ಟು ಬೇರೆ ಎಂತದೂ ಸೇರ್ತಿರಲಿಲ್ಲ.”

“ಹಾಗಾದ್ರೆ ಅದೇ.”

“ಅದೇ ಅಲ್ವಾ?” ಸೇವಂತಿಯ ಮುಖ ಅರಳಿತು. “ಮತ್ತೆ ಒಂದು ಗೊತ್ತುಂಟಾ, ಎಡಗೈ ಮುಷ್ಟಿ ಬಿಡ್ತಾ ಇರಲಿಲ್ಲ. ನನ್ನ ಬೆರಳು ಸಿಕ್ಕಿದ್ರೆ ಮುಗೀತು, ಬಿಡಿಸ್ಲಿಕ್ಕೆ ಇಬ್ಬರು ಬೇಕಿತ್ತು.”

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಹುಡುಗಿ. ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈ ಬೆರಳುಗಳ ಸಂದಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಬಸ್ಸು ಎಷ್ಟು ಕುಲುಕಿದರೂ ಮುಷ್ಟಿ ಬಿಚ್ಚಲಿಲ್ಲ. ದಮಯಂತಿ ಆ ಕೈಯನ್ನೇ ನೋಡುತ್ತ ಕೂತಳು. ಸುಳ್ಯದಲ್ಲಿ ಇಳಿಯುವಾಗ ಅವಳ ಜೊತೆ ಶೀಲಾ ಇಳಿದಳು. ಐದು ವರ್ಷದ ಮೇಲೆ ಕೋಣೆಗೆ ಒಬ್ಬರು ಬಂದರು. ಸಂತೋಷದಿಂದ ಅವಳಿಗೆ ಆ ಸಂಜೆ ಅಳು ಬಂತು.

ಶೀಲಾ ಕಂಡಕ್ಟರ್ ಆದಳು. ಸುಬ್ರಹ್ಮಣ್ಯದಿಂದ ಕಡಬ, ಆಲಂಕಾರು ದಾರಿಯಾಗಿ ಪುತ್ತೂರಿಗೆ ಹೋಗುವ ಬಸ್ಸು. ಬಾಯಿ ಎಂದರೆ ಬಾಯಿ. ನೆಟ್ಟಣದಲ್ಲಿ ರೈಲಿಳಿದು ಬರುವವರು ಬಾಗಿಲಲ್ಲಿ ಸೂಟ್‌ಕೇಸ್ ಇಟ್ಟರೆ, “ಇದು ನಿಮ್ಮ ಚಾವಡಿಯಾ ಮಾರಾಯ್ರೆ?” ಎಂದು ಕೇಳುವವಳು. ಚಿಲ್ಲರೆ ಕೊಡದವರನ್ನು ಕಣ್ಣಲ್ಲೇ ಸುಡುವವಳು. ಮುದುಕಿಯರು ಹತ್ತಿದರೆ ಮಾತ್ರ ಅವರ ಗಂಟುಮೂಟೆ ತಾನೇ ಎತ್ತಿಡುವವಳು. ಇದನ್ನೆಲ್ಲ ದಮಯಂತಿ ಬರೆಯಲಿಲ್ಲ, ಪ್ರತಿ ಭಾನುವಾರ ಮರ್ಕಂಜಕ್ಕೆ ಹೋಗಿ ಸೇವಂತಿಗೆ ಹೇಳಿದಳು. ಸೇವಂತಿ ಸುಮ್ಮನೆ ಕೇಳುವವಳಲ್ಲ. “ಛೆ, ಅವಳು ಹಾಗೆ ಹೇಳ್ಲಿಕ್ಕಿಲ್ಲ,” ಎಂದು ತಿದ್ದುವಳು. “ಶಾಲೆಗೆ ಹೋಗುವಾಗ ಕಾಲಿಗೆ ಗಾಜು ಹೊಕ್ಕಿತ್ತು ಅಕ್ಕ, ಅದನ್ನು ಸೇರ್ಸಿ,” ಎಂದು ತನ್ನದೂ ಒಂದು ಕೂಡಿಸುವಳು. ಇಬ್ಬರೂ ಸೇರಿ ಒಬ್ಬಳನ್ನು ಸಾಕಿದರು. ಕಾದಂಬರಿ ಒಬ್ಬರೇ ಮಾಡುವ ಕೆಲಸ ಎಂದು ದಮಯಂತಿ ಇಷ್ಟು ವರ್ಷ ತಿಳಿದದ್ದು. ಮಾತಿಗೆ ಮಾತು ಕೊಡುವವರೊಬ್ಬರು ಎದುರಿಗಿದ್ದರೆ ಎಷ್ಟು ಸುಖ ಎಂಬುದು ಈಗ ಗೊತ್ತಾಯಿತು. ಶನಿವಾರ ಬಂತೆಂದರೆ ಅವಳು ಅಂಗಡಿಯಲ್ಲಿ ಹಾಡು ಗುನುಗುವಳು. “ಮೇಡಂ, ಎಂತ ವಿಶೇಷ?” ಎಂದು ಮುನವ್ವರ್ ಕೀಟಲೆ ಮಾಡುವನು.

ಒಂದು ಭಾನುವಾರ ಇಬ್ಬರೂ ಶೀಲಾಳ ಬಸ್ಸಿನ ದಾರಿ ನೋಡಲೆಂದು ಹೊರಟರು. ಕಡಬದಲ್ಲಿ ಅವರು ಬಸ್ಸು ಬದಲಿಸುವಾಗ ಒಬ್ಬಳು ಕಂಡಕ್ಟರ್ ಹುಡುಗಿ ಕಂಬಕ್ಕೆ ಒರಗಿ ನೀರು ಕುಡಿಯುತ್ತಿದ್ದಳು. ಸೇವಂತಿ ನೇರ ಹೋಗಿ ಚೀಲದಿಂದ ಗೋಳಿಬಜೆಯ ಪೊಟ್ಟಣ ತೆಗೆದು ಅವಳ ಕೈಗಿಟ್ಟಳು.

“ಹಸಿವಾಗ್ತದೆ ಅಲ್ವಾ ಮಗ? ತಿನ್ನು.”

ಹುಡುಗಿ ಕಣ್ಣು ಕಣ್ಣು ಬಿಟ್ಟಳು. “ನೀವು ಯಾರು?” ಎಂದಳು. ದಮಯಂತಿ ಸೇವಂತಿಯ ಕೈಹಿಡಿದು ಬಸ್ಸಿಗೆ ಹತ್ತಿಸಿದಳು. ಇಡೀ ದಾರಿ ಸೇವಂತಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು.

ಆಟಿಗೆ ಮೊದಲು ಆಲಂಕಾರಿನಿಂದ ಸಂಬಂಧ ಬಂತು. ಉದಯ ಎಂಬವನ ಅಣ್ಣ, ನಾಲ್ಕು ವರ್ಷದವನಿರುವಾಗ ತೀರಿಕೊಂಡವನು, ಪುರುಷೋತ್ತಮ. ಬರಿ ಬೇರೆ, ಪ್ರಾಯ ಕೂಡಿ ಬರುತ್ತದೆ. ಚನಿಯಪ್ಪನಿಗೆ ತಲೆಯ ಭಾರ ಇಳಿಯಿತು. ಅಷ್ಟರಲ್ಲಿ ಭವಿತಾಳಿಗೂ ಒಂದು ಒಳ್ಳೆ ಕಡೆಯಿಂದ ಮಾತು ಬಂದಿತ್ತು. ದೊಡ್ಡವಳದ್ದು ಮುಗಿಸಿ, ನಾವು ಬರುತ್ತೇವೆ ಎಂದಿದ್ದರು ಅವರು.

ಆ ಭಾನುವಾರ ಸೇವಂತಿ ಕೇಳಿದಳು, “ಗೂಡೆ ಎಂತ ಹೇಳ್ತಾಳೆ ಅಕ್ಕ?”

ದಮಯಂತಿ ಯೋಚಿಸಲಿಲ್ಲ. ಶೀಲಾಳ ಬಾಯಿಯೇ ಅವಳ ಬಾಯಿಗೆ ಬಂತು: “ಮದುವೆ ಎಂತಕ್ಕಮ್ಮ? ನನಗೆ ಕೈಯಲ್ಲಿ ಸೀಟಿ ಉಂಟು, ಕಂಕುಳಲ್ಲಿ ಬ್ಯಾಗ್ ಉಂಟು. ಯಾರ ಮನೆಗೂ ಹೋಗಿ ಕೂತುಕೊಳ್ಳುದಿಲ್ಲ ನಾನು.”

ಇಬ್ಬರೂ ನಕ್ಕರು. ಆದರೆ ಆ ನಗುವಿನ ಅಡಿಯಲ್ಲಿ ದಮಯಂತಿಗೆ ಒಂದು ಹೆದರಿಕೆ ಇತ್ತು, ಅದು ಅವಳಿಗೆ ಗೊತ್ತೂ ಇತ್ತು. ಮದುವೆಯಾದರೆ ಶೀಲಾ ಹೋಗುತ್ತಾಳೆ. ಶೀಲಾ ಹೋದರೆ ಮರ್ಕಂಜದ ಭಾನುವಾರಗಳೂ ಹೋಗುತ್ತವೆ.

ಬುಧವಾರ ಚನಿಯಪ್ಪ ಅಂಗಡಿಗೆ ನುಗ್ಗಿದ. ಛತ್ರಿಯನ್ನು ಮಡಚುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ.

“ನೀವು ಎಂತ ಮಾರಾಯ್ರೆ ಮಾಡಿದ್ದು? ಆಲಂಕಾರಿನವರು ಮನೆಗೆ ಬಂದು ಕೂತಿದ್ದಾರೆ, ಇವಳು ಒಳಗಿಂದ ಬಂದು, ಆಗುದಿಲ್ಲ, ಗೂಡೆಗೆ ಒಪ್ಪಿಗೆ ಇಲ್ಲ ಅಂತ ಹೇಳಿಬಿಟ್ಟಳು! ಯಾರು ಹೇಳಿದ್ದು ಅಂತ ಕೇಳಿದ್ರೆ ದಮಯಂತಿಯಕ್ಕ ಅಂತೆ. ಮೂವತ್ತು ವರ್ಷ ಬಾಯಿ ಇಲ್ಲದೆ ಇದ್ದದ್ದು ಅದು. ಸತ್ತವಳಿಗೆ ಬಾಯಿ ಕೊಟ್ರಿ ನೀವು!”

“ನಾನು ಸುಮ್ಮನೆ ಕಥೆಗೆ...”

“ಕಥೆ ನಿಮಗೆ. ಅವಳಿಗೆ ಮಗಳು.” ಅವನ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಕುರ್ಚಿಯಲ್ಲಿ ಕುಸಿದು, “ಒಂದು ಚಹಾ ಹೇಳು ಮುನವ್ವರ್,” ಎಂದ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಭವಿತಾ ಬಂದಳು. ಸೊಸೈಟಿಯ ಕೆಲಸ ಮುಗಿಸಿ ಬಂದವಳು, ಚೀಲ ಇನ್ನೂ ಹೆಗಲಲ್ಲಿತ್ತು. ಅವಳು ಕೂರಲೂ ಇಲ್ಲ.

“ಆಂಟಿ, ಅಮ್ಮ ಅಷ್ಟು ಮಾತಾಡುದನ್ನು ನಾನು ಹುಟ್ಟಿದ ಮೇಲೆ ನೋಡ್ಲಿಲ್ಲ. ಅದಕ್ಕೆ ನಾನು ಇಷ್ಟು ದಿನ ಎಂತದೂ ಹೇಳ್ಲಿಲ್ಲ. ಆದ್ರೆ ಈಗ ನೀವೇ ಏನಾದ್ರೂ ಮಾಡ್ಬೇಕು. ಅಕ್ಕ ಒಪ್ಪಿದಳು ಅಂತ ಹೇಳಿ.” ಹೊರಡಲು ತಿರುಗಿದವಳು ಬಾಗಿಲಲ್ಲಿ ನಿಂತು ಹೇಳಿದಳು. “ನಾನು ಬದುಕಿದ್ದೇನೆ ಆಂಟಿ. ನಿಮಗೂ ಅಮ್ಮನಿಗೂ ಅದು ನೆನಪೇ ಇಲ್ಲ.”

ದಮಯಂತಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಎಷ್ಟೋ ಭಾನುವಾರ ಈ ಹುಡುಗಿ ಚಹಾ ತಂದಿಟ್ಟು ಹೋಗಿದ್ದಳು. ಹೊಡೆದುಹಾಕಿದ ಹೆಸರುಗಳನ್ನೇ ಹುಡುಕುವ ದಮಯಂತಿಗೆ, ತಾನೇ ಒಂದು ಹೆಸರನ್ನು ಹೊಡೆದುಹಾಕಿದ್ದು ಕಾಣಿಸಿರಲಿಲ್ಲ.

ಆದರೆ ಒಪ್ಪಿದಳು ಎಂದು ಬಾಯಿಮಾತಿಗೆ ಹೇಳಿದರೆ ಆಗುತ್ತದೆಯೇ? ಸೇವಂತಿಯನ್ನು ನಂಬಿಸುವುದು ಮಾತ್ರವಲ್ಲ, ಶೀಲಾ ನಿಜವಾಗಿ ಒಪ್ಪಬೇಕು. ಅವಳು ಯಾರ ಮಾತಿಗೂ ಬಗ್ಗುವ ಜಾತಿಯಲ್ಲ, ಸಾಕಿದವಳ ಮಾತಿಗಂತೂ ಮೊದಲೇ ಅಲ್ಲ. ಎರಡು ಸಂಜೆ ದಮಯಂತಿ ಗಂಜಿ ತಟ್ಟೆಯ ಮುಂದೆ ಅವಳೊಡನೆ ವಾದಿಸಿದಳು. ಹುಡುಗ ಯಾರು ಎಂದು ಗೊತ್ತಿಲ್ಲದೆ ನಾನು ಹೂಂ ಅನ್ನುವುದಿಲ್ಲ ಎಂದಳು ಶೀಲಾ. ನ್ಯಾಯವೇ. ಶುಕ್ರವಾರ ರಜೆ ಹಾಕಿ ದಮಯಂತಿ ಹುಡುಗನನ್ನು ನೋಡಲು ಆಲಂಕಾರಿಗೆ ಹೋದಳು.

ಆಲಂಕಾರಿನ ಪೇಟೆಯಲ್ಲಿ ಉದಯನದ್ದು ಪಂಪ್‌ಸೆಟ್ ರಿಪೇರಿ ಅಂಗಡಿ. ಕೈಯೆಲ್ಲ ಗ್ರೀಸ್. ಅಣ್ಣನ ಬಗ್ಗೆ ಕೇಳಿದ್ದಕ್ಕೆ ಅವನು ಹಳೆ ಬಟ್ಟೆಯಲ್ಲಿ ಕೈ ಒರೆಸುತ್ತ ಹೇಳಿದ.

“ಅವ ಹೋದ ಮೇಲೆ ನಾನು ಹುಟ್ಟಿದ್ದು. ಅವನ ಅಂಗಿ ಚಡ್ಡಿ ಎಲ್ಲ ನಾನು ಹಾಕಿ ಹರಿದದ್ದಂತೆ, ಅಮ್ಮ ಹೇಳ್ತಿದ್ರು. ಅಪ್ಪ ಮೊದಲೇ ಇಲ್ಲ, ಅಮ್ಮ ಹೋಗಿ ಎಂಟು ವರ್ಷ ಆಯ್ತು. ಈಗ ಅವನ ಮುಖ ಗೊತ್ತಿರುವವರು ಯಾರೂ ಇಲ್ಲ.” ಬಟ್ಟೆ ಬದಿಗಿಟ್ಟು, “ಅವನಿಗೂ ಒಬ್ಬರು ಬೇಕಲ್ವಾ ಅಂತ ನಾನು ಪೇಪರ್ ನೋಡಿ ಫೋನ್ ಮಾಡಿದ್ದು,” ಎಂದ.

ಅಷ್ಟೇ. ಗಂಜಿಗೆ ಎಂತ ನಂಜಿಕೊಳ್ಳುತ್ತಿದ್ದ ಎಂದು ಕೇಳಲೂ ಆಗಲಿಲ್ಲ, ಹೇಳುವವರೇ ಇರಲಿಲ್ಲ. ಆಲಂಕಾರಿನ ಬಸ್ ಸ್ಟಾಪಿನಲ್ಲಿ ಒಬ್ಬಳೇ ಕೂತು ಒಂದರ ಹಿಂದೊಂದು ಬಸ್ಸು ಬಿಟ್ಟಳು ದಮಯಂತಿ. ಯಾರ ನೆನಪಲ್ಲೂ ಇಲ್ಲದವನು ಹೇಗಿರುತ್ತಾನೆ? ಹಾಗೆ ಇರುವುದು ಹೇಗೆಂದು ತನಗೆ ಸ್ವಲ್ಪ ಸ್ವಲ್ಪ ಗೊತ್ತು ಎನಿಸಿತು. ಅಲ್ಲಿಂದ ಅವನನ್ನು ಹಿಡಿದಳು.

ಭಾನುವಾರ ಸೇವಂತಿಯ ಎದುರು ಕೂತು ಹೇಳಿದಳು.

“ಆಲಂಕಾರಿನಲ್ಲಿ ಒಬ್ಬ ದಿನಾ ಹತ್ತುತ್ತಾನೆ. ಸರಿಯಾಗಿ ಚಿಲ್ಲರೆ ಕೊಡ್ತಾನೆ, ಮಾತಿಲ್ಲ. ಸೀಟು ಖಾಲಿ ಇದ್ರೂ ನಿಲ್ತಾನೆ, ಬೇರೆಯವರಿಗೆ ಬೇಕಾದೀತು ಅಂತ. ಇವಳು ಮೊದಲು ನೋಡ್ಲೇ ಇಲ್ಲ. ಅವನನ್ನು ಯಾರೂ ನೋಡುದಿಲ್ಲ.”

“ಪಾಪ,” ಎಂದಳು ಸೇವಂತಿ.

“ಒಂದು ದಿನ ಇವಳಿಗೇ ಸಿಟ್ಟು ಬಂತು. ದಿನಾ ಹತ್ತುತ್ತೀರಿ, ನಿಮ್ಮ ಹೆಸರೆಂತ ಮಾರಾಯ್ರೆ ಅಂತ ಕೇಳಿದ್ಲು. ಅವ ಹೇಳಿದ, ‘ನನ್ನ ಹೆಸರು ಕೇಳಿದವರು ನೀವೇ ಮೊದಲು’ ಅಂತ.”

ಒಲೆಯ ಮೇಲೆ ಚಹಾ ಉಕ್ಕಿ ಸುರಿಯುವುದು ಇಬ್ಬರಿಗೂ ಕೇಳಿಸಿತು, ಯಾರೂ ಏಳಲಿಲ್ಲ.

“ಗೂಡೆ ಎಂತ ಮಾಡಿದ್ಲು?”

“ಎಡಗೈ ಮುಷ್ಟಿ ಬಿಚ್ಚಿದ್ಲು. ಅವ ಕೊಟ್ಟ ದುಡ್ಡು ವಾಪಸು ಕೊಟ್ಲು.”

“ನಕ್ಕಳಾ?”

“ನಕ್ಕಳು,” ಎಂದಳು ದಮಯಂತಿ. ಸುಳ್ಳಲ್ಲ, ಅವಳಿಗೆ ಕಂಡಿತ್ತು. ಕಂಡದ್ದೇ ತಡ, ಶೀಲಾ ಅವಳ ಪಕ್ಕದಿಂದ ಎದ್ದ ಹಾಗಾಯಿತು.

ಮದುವೆಯ ಸೀರೆಗೆ ಇಬ್ಬರೂ ಸುಳ್ಯದ ಅಂಗಡಿಗಳನ್ನೆಲ್ಲ ಜಾಲಾಡಿದರು. “ಖಾಕಿ ಬಣ್ಣದ ರೇಷ್ಮೆ ಉಂಟಾ?” ಎಂದು ಸೇವಂತಿ ಕೇಳಿದ್ದಕ್ಕೆ ಅಂಗಡಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕೊನೆಗೆ ಒಣ ಅರಸಿನದ ಬಣ್ಣದ್ದು ಸಿಕ್ಕಿತು. ರವಿಕೆಯ ಅಳತೆ ಕೇಳಿದಾಗ ಸೇವಂತಿ ದಮಯಂತಿಯ ಮುಖ ನೋಡಿದಳು, ದಮಯಂತಿ ತನ್ನ ಅಳತೆ ಕೊಟ್ಟಳು.

ಆಟಿಯ ಆ ದಿನ ದಮಯಂತಿ ತಾನೂ ಒಳ್ಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮರ್ಕಂಜಕ್ಕೆ ಹೋದಳು. ಅಂಗಳದಲ್ಲಿ ಎರಡು ಕುರ್ಚಿ. ಒಂದರಲ್ಲಿ ಅರಸಿನ ಬಣ್ಣದ ಸೀರೆ, ರವಿಕೆ, ಬಳೆ. ಇನ್ನೊಂದರಲ್ಲಿ ಉದಯ ತಂದ ಪಂಚೆ, ಅಂಗಿ. ಇಷ್ಟನ್ನು ಗೇಟಿನಿಂದ ಕಂಡಳು. ಮುಂದೆ ಹೆಜ್ಜೆ ಇಡುವಾಗ ಚನಿಯಪ್ಪ ಅಡ್ಡ ಬಂದ. ಸಿಟ್ಟಿರಲಿಲ್ಲ, ನಾಚಿಕೆಯಿಂದ ಕುಗ್ಗಿಹೋಗಿದ್ದ.

“ಮೇಡಂ, ಎಂತ ಹೇಳುದು... ಮದುವೆ ಆಗದವರು ಇದನ್ನು ನೋಡ್ಬಾರದು. ನಮ್ಮಲ್ಲಿ ಕ್ರಮ ಹಾಗೆ. ನೋಡಿದ್ರೆ ಅವರ ಮದುವೆಗೆ ಅಡ್ಡಿ ಬರ್ತದೆ.”

ಕ್ರಮ ದಮಯಂತಿಗೆ ಗೊತ್ತಿಲ್ಲದ್ದಲ್ಲ. ಅವಳೂ ಇವರ ಹಾಗೆ ಗೌಡರ ಮನೆಯಲ್ಲೇ, ಪುತ್ತೂರು ಕಡೆ ಹುಟ್ಟಿದವಳು, ಸಣ್ಣವಳಿರುವಾಗ ಇಂಥ ಮದುವೆಯ ದಿನ ಅವಳನ್ನೂ ಹೊರಗೆ ಕಳಿಸಿದ್ದರು. ಆದರೆ ಐವತ್ತನಾಲ್ಕರಲ್ಲಿ ಅದು ತನಗೂ ತಾಗುತ್ತದೆ ಎಂದು ಹೊಳೆದಿರಲಿಲ್ಲ. ನೋಡಿದರೆ ತನ್ನ ಯಾವ ಮದುವೆಗೆ ಅಡ್ಡಿ ಬರುವುದು ಸ್ವಾಮಿ? ಕೇಳಬೇಕೆನಿಸಿತು, ಕೇಳಲಿಲ್ಲ. ಸೇವಂತಿ ಒಳಗಿದ್ದಳು. ಹೊರಗೆ ಬರುವಷ್ಟು ಪುರುಸೊತ್ತು ಅವಳಿಗಿರಲಿಲ್ಲ, ಮದುಮಗಳ ತಾಯಿ.

ಮನೆಯ ಹಿಂದೆ ರಬ್ಬರ್ ಶೀಟಿಗೆ ಹೊಗೆ ಹಾಕುವ ಕೋಣೆ. ಅಲ್ಲಿ ನೆರೆಮನೆಯ ಮಕ್ಕಳು, ಭವಿತಾ, ದಮಯಂತಿ. ತೂಗುಹಾಕಿದ ಶೀಟುಗಳ ನಾತ ಮಲ್ಲಿಗೆಯನ್ನು ನುಂಗಿಹಾಕಿತು. ಆಚೆಯಿಂದ ಹೆಂಗಸರ ಮಾತು, ತಂಬಿಗೆಯ ಸದ್ದು, ಯಾರೋ ಧಾರೆಗೆ ನೀರು ಕೇಳಿದ್ದು ಕೇಳಿಸಿತು.

“ಅಲ್ಲಿ ಎಂತ ಆಗ್ತಾ ಉಂಟು?” ಎಂದು ಒಂದು ಮಗು ಭವಿತಾಳ ಸೆರಗು ಎಳೆದು ಕೇಳಿತು.

“ಈ ಆಂಟಿಯನ್ನು ಕೇಳು, ಅವರಿಗೆ ಎಲ್ಲ ಗೊತ್ತು,” ಎಂದಳು ಭವಿತಾ. ಅವಳ ದನಿಯಲ್ಲಿ ಈಗ ಸ್ನೇಹವಿತ್ತು.

ಮಕ್ಕಳೆಲ್ಲ ದಮಯಂತಿಯ ಕಡೆ ತಿರುಗಿದರು. ಇಲ್ಲದ್ದನ್ನು ಕಂಡ ಹಾಗೆ ಹೇಳುವುದೇ ಅವಳ ಜನ್ಮದ ಕಸುಬು. ಬಾಯಿ ತೆರೆದಳು. ಶೀಲಾ ಎಲ್ಲಿ ನಿಂತಿದ್ದಾಳೆ, ಯಾವ ಕಡೆ ನೋಡುತ್ತಿದ್ದಾಳೆ, ಒಂದೂ ಕಾಣಲಿಲ್ಲ. ಕುರ್ಚಿಯ ಮೇಲಿನ ಸೀರೆ ಸೀರೆಯಾಗಿಯೇ ಉಳಿಯಿತು.

“ಗೊತ್ತಿಲ್ಲ ಮಗ,” ಎಂದಳು.

“ನನಗೆ ಇಲ್ಲಿ ಇನ್ನು ಸ್ವಲ್ಪ ಸಮಯ ಆಂಟಿ,” ಎಂದಳು ಭವಿತಾ ಮೊಬೈಲು ನೋಡುತ್ತ, ಸಂತೋಷದಲ್ಲಿ. “ಮದುವೆ ಆದ ಮೇಲೆ ನಾನೂ ಅಂಗಳದಲ್ಲಿ.”

ಊಟವಾದ ಮೇಲೆ ಸೇವಂತಿ ಬಾಳೆಲೆಯಲ್ಲಿ ಹೋಳಿಗೆ ಕಟ್ಟಿಕೊಂಡು ಹುಡುಕಿ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು, ಆದರೆ ಮುಖ ಹಗುರ. ದಮಯಂತಿಯ ಕೈ ಹಿಡಿದುಕೊಂಡಳು.

“ಚಂದ ಆಯ್ತು ಅಕ್ಕ. ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಇನ್ನು ಅವಳ ಕಥೆ ಇಲ್ಲಿ ಬೇಡ. ಕೊಟ್ಟ ಹೆಣ್ಣಲ್ವಾ? ಅವಳ ಸುಖದುಃಖ ಇನ್ನು ಅವರ ಮನೆಯದ್ದು. ಇಲ್ಲಿ ಮಾತಾಡಿದ್ರೆ ಕರೆದ ಹಾಗೆ ಆಗ್ತದೆ.”

“ಆಗ್ಲಿ,” ಎಂದಳು ದಮಯಂತಿ. “ಮುಂದಿನ ಭಾನುವಾರ?”

“ಬನ್ನಿ ಬನ್ನಿ, ಊಟಕ್ಕೇ ಬನ್ನಿ.”

ಹೋದಳು. ಕೋಳಿ ಸಾರು, ರೊಟ್ಟಿ ಎಲ್ಲ ಇತ್ತು. ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ರಬ್ಬರಿನ ರೇಟು ಮಾತಾಡಿದರು, ಭವಿತಾಳ ಒಡವೆ ಮಾತಾಡಿದರು, ಆಮೇಲೆ ಗೋಡೆ ನೋಡಿದರು. ಅದರ ಮುಂದಿನ ಭಾನುವಾರ ದಮಯಂತಿ ಹೋಗಲಿಲ್ಲ. ಕೋಣೆಯಲ್ಲಿ ಕೂತು ಶೀಲಾಳನ್ನು ಬರೆಯಲು ನೋಡಿದಳು. ಹೆಸರು ಬರೆದಳು, ಬಸ್ಸಿನ ಬೋರ್ಡು ಬರೆದಳು. ಹುಡುಗಿ ಬರಲಿಲ್ಲ. ಐದನೆಯ ಕಾದಂಬರಿ ಹುಟ್ಟಿತ್ತು, ಬೆಳೆದಿತ್ತು, ಮುಗಿದೂ ಇತ್ತು. ಅದನ್ನು ಕೇಳಿದವಳು ಲೋಕದಲ್ಲಿ ಒಬ್ಬಳೇ, ಅವಳೂ ಇನ್ನು ಅದರ ಮಾತೆತ್ತುವ ಹಾಗಿರಲಿಲ್ಲ.

ನವರಾತ್ರಿ ಕಳೆದ ಮೇಲೆ ಸೇವಂತಿ ಅಂಗಡಿಗೆ ಬಂದಳು, ಭವಿತಾಳ ಮದುವೆ ಕಾಗದ ಮಾಡಿಸಲು. ಹೆಸರುಗಳನ್ನು ಒಂದೊಂದಾಗಿ ಹೇಳಿದಳು, ದಮಯಂತಿ ಜೋಡಿಸಿದಳು. ಯಾವ ಹೆಸರನ್ನೂ ಹೊಡೆಯಬೇಕಾಗಲಿಲ್ಲ. ಕೆಲಸ ಮುಗಿದರೂ ಸೇವಂತಿ ಏಳಲಿಲ್ಲ. ಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದವಳು ಸ್ವರ ತಗ್ಗಿಸಿ ಕೇಳಿದಳು:

“ಅಕ್ಕ, ನಿಮಗೆ ಯಾರಿದ್ದಾರೆ?”

“ಎಂತಕ್ಕೆ?”

“ಆ ದಿನ ನಿಮ್ಮನ್ನು ಹೊಗೆಕೋಣೆಯಲ್ಲಿ ನೋಡಿದಾಗಿಂದ ನನಗೆ ಅದೇ ಯೋಚನೆ. ಗೂಡೆಗೆ ನಾವಿದ್ದೆವು, ಪೇಪರಿಗೆ ಹಾಕಿದೆವು. ನಾಳೆ ನೀವು ಹೋದ್ರೆ, ಆ ಕಡೆಯಲ್ಲೂ ಒಬ್ಬರೇ ಆಗ್ತೀರಲ್ಲ? ನೋಡುವವರು ಯಾರು?” ಅವಳ ಕಣ್ಣು ತುಂಬಿತ್ತು. “ನೀವು ಹೆದರ್ಬೇಡಿ. ನಾನು ನಿಮಗಿಂತ ಸಣ್ಣವಳು. ನಾನು ನೋಡ್ತೇನೆ ನಿಮಗೆ. ಒಳ್ಳೆಯ ಕಡೆಯೇ ನೋಡ್ತೇನೆ.”

ದಮಯಂತಿಗೆ ನಗು ಬಂತು. ಬಾಯಿತನಕ ಬಂದ ನಗು ಅಲ್ಲೇ ಒಡೆದುಹೋಯಿತು. ತನ್ನ ಮದುವೆಯ ಮಾತು ಯಾರಾದರೂ ಎತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತು.

“ಚಿಲ್ಲರೆ ಸರಿಯಾಗಿ ಕೊಡುವವನನ್ನು ನೋಡಿ,” ಎಂದಳು.

ಸೇವಂತಿ ನಗಲಿಲ್ಲ. ಇದು ನಗುವ ವಿಷಯವಾಗಿರಲಿಲ್ಲ ಅವಳಿಗೆ. “ನಿಮ್ಮದು ಯಾವ ಬರಿ?” ಎಂದು ಕೇಳಿದಳು.

ದಮಯಂತಿ ಹೇಳಿದಳು. ಮರೆತುಹೋಗಬಾರದೆಂದು ಸೇವಂತಿ ಅದನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡು, ಚೀಲ ಎತ್ತಿಕೊಂಡು, ಮರ್ಕಂಜದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಸಂಜೆ ಕೋಣೆಗೆ ಬಂದು ದಮಯಂತಿ ಗಂಜಿ ಬಡಿಸಿಕೊಂಡಳು. ಮಿಡಿ ಉಪ್ಪಿನಕಾಯಿಯ ಭರಣಿ ತೆಗೆದಳು. ತೆಗೆದವಳು ಮುಚ್ಚಳ ಕೈಯಲ್ಲೇ ಹಿಡಿದು ಕೂತುಬಿಟ್ಟಳು. ಸೇವಂತಿ ಯಾರನ್ನು ಹುಡುಕುತ್ತಾಳೋ? ಎಲ್ಲಿಯವನೋ, ಯಾವಾಗ ಹೋದವನೋ, ಎಷ್ಟು ವರ್ಷದಿಂದ ಒಬ್ಬನೇ ಇದ್ದಾನೋ. ಅವನು ಗಂಜಿಗೆ ಎಂತ ನಂಜಿಕೊಳ್ಳುತ್ತಾನೆ?

ಎದ್ದುಹೋಗಿ ಇನ್ನೊಂದು ತಟ್ಟೆ ತಂದಿಟ್ಟಳು.